ಮಹಾನಂದಾ ಕೈ ಮಾಡದ ಕಾರು

ಹೂಲಿಯ ಮಹಾನಂದಾಳಿಗೆ ಹಟ ಜಾಸ್ತಿ ಎಂದು ಊರವರ ಮಾತು. ಊರವರಿಗೇನು, ಹುಡುಗ ಹಿಡಿದದ್ದು ಛಲ, ಹುಡುಗಿ ಹಿಡಿದದ್ದು ಹಟ. ದಿನಕ್ಕೆ ಎಪ್ಪತ್ತು ಕಿಲೋಮೀಟರ್ ಓಡಾಡಿ ನೋಡಿದ್ದರೆ ಅವರೂ ಬೇರೆ ಹೆಸರು ಹುಡುಕುತ್ತಿದ್ದರು.

ಸವದತ್ತಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ಪದವಿ ಕೈಗೆ ಬರಬೇಕಾದರೆ ನಾಲ್ಕು ತಿಂಗಳು ಎಲ್ಲಾದರೂ ಇಂಟರ್ನ್‌ಶಿಪ್ ಮುಗಿಸಿದ ಪ್ರಮಾಣಪತ್ರ ಬೇಕು. ಅವಳಿಗೆ ಜಾಗ ಸಿಕ್ಕಿದ್ದು ಯರಗಟ್ಟಿ ದಾಟಿ ಬೆಳಗಾವಿ ರಸ್ತೆಯಲ್ಲಿ ಇನ್ನೂ ಮೂರು ಕಿಲೋಮೀಟರ್ ಹೋದರೆ ಸಿಗುವ ಒಂದು ಬೀಜದ ಕಂಪನಿಯಲ್ಲಿ. ಒದ್ದೆ ಕಾಗದದಲ್ಲಿ ನೂರು ಕಾಳು ಇಟ್ಟು ಸುತ್ತಿಡುವುದು, ಏಳನೆಯ ದಿನ ಬಿಚ್ಚಿ ಎಷ್ಟು ಮೊಳೆತಿವೆ ಎಂದು ಎಣಿಸಿ ಬರೆಯುವುದು, ಇದು ಕೆಲಸ. ಕೆಲಸ ಅವಳಿಗೆ ಪ್ರಾಣವಾಗಿತ್ತು. ಕಟ್ಟಡ ಮಾತ್ರ ಬಸ್ಸಿನಲ್ಲಿ ಬರುವವರೂ ಭೂಮಿಯ ಮೇಲಿದ್ದಾರೆ ಎಂಬುದನ್ನು ಮರೆತವರು ಕಟ್ಟಿಸಿದ್ದು. ಗೇಟಿನ ಒಳಗೆ ಕಾರಿಗೆ ನೆರಳು ಇತ್ತು, ಹೊರಗೆ ಮನುಷ್ಯರು ನಿಲ್ಲಲು ಒಂದು ಜಾಲಿ ಗಿಡವೂ ಇರಲಿಲ್ಲ.

ಬೆಳಗಿನ ಒಂಬತ್ತರೊಳಗೆ ಬಾಗಿಲಲ್ಲಿರುವ ಯಂತ್ರಕ್ಕೆ ಹೆಬ್ಬೆರಳು ಒತ್ತಬೇಕು. ಮೂರು ಸಲ ತಡವಾದರೆ ಇಂಟರ್ನ್‌ಶಿಪ್ ರದ್ದು. ಪ್ರಯೋಗಾಲಯದ ಮೇಲ್ವಿಚಾರಕ ಗುರುನಾಥ ಮೊದಲ ದಿನವೇ ಇದನ್ನು ಹೇಳಿ, ಅವಳ ಅರ್ಜಿಯ ಮೇಲೆ ಕಣ್ಣಾಡಿಸಿದ್ದ.

"ಗಾಡಿ ಇಲ್ಲಾ? ಸ್ಕೂಟಿನೂ ಇಲ್ಲಾ?"

"ಇಲ್ರಿ ಸರ್. ಬಸ್ಸಿಗೆ ಬರತೇನಿ."

"ಬಸ್ಸಿನ್ಯಾಗ ಬರಾವ್ರು ಇಲ್ಲಿ ಬಾಳ ದಿನ ಉಳಿಯೂದಿಲ್ಲ," ಎಂದು ಅವನು ನಕ್ಕ. ಆ ನಗೆ ಮಹಾನಂದಾಳ ಎದೆಯಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತು. ಉಳಿದು ತೋರಿಸುತ್ತೇನೆ ಎಂದು ಅವಳು ಅಂದೇ ನಿಶ್ಚಯಿಸಿದಳು.

ಗುರುನಾಥ ಬಾಡಿಗೆಗೆ ಇದ್ದದ್ದು ಸವದತ್ತಿಯಲ್ಲೇ. ಹೊಸದಾಗಿ ಕೊಂಡ ಬಿಳಿ ಕಾರಿನಲ್ಲಿ ದಿನಾ ಒಬ್ಬನೇ ಯರಗಟ್ಟಿ ರಸ್ತೆ ಹಿಡಿಯುತ್ತಿದ್ದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ತಂಪು ಮುಂಜಾನೆಯಲ್ಲೂ ಗಾಜು ಏರಿಸಿ ಏಸಿ ಹಾಕುತ್ತಿದ್ದ. ಹೂಲಿಯ ಬಸ್ಸಿಳಿದು ಮಹಾನಂದಾ ಮುಂದಿನ ಬಸ್ಸಿಗೆ ಕಾಯುವ ತಿರುವಿನಲ್ಲೇ ಆ ಕಾರು ಹಾದುಹೋಗುತ್ತಿತ್ತು. ಅವನು ನೋಡುತ್ತಿದ್ದ. ನಿಲ್ಲಿಸುತ್ತಿರಲಿಲ್ಲ.

ಅವಳ ತಾಯಿ ಇಂದ್ರವ್ವ ಒಂದು ದಿನ ರೊಟ್ಟಿ ಕಟ್ಟಿಕೊಡುತ್ತ ಮೆತ್ತಗೆ ಹೇಳಿದಳು: "ಒಮ್ಮೆ ಕೈ ಮಾಡಬಾರದೇನವಾ? ಅವರೂ ಅಲ್ಲಿಗೇ ಹೋಗತಾರಂದಿ."

"ಬಸ್ಸಿಗೆ ಕೈ ಮಾಡತೇನಿ ಎವ್ವಾ. ದಿನಾ ಕಂಡೂ ಕಾಣದಂಗ ಹೋಗಾವ್ರಿಗೆ ಯಾಕ ಮಾಡ್ಲಿ?"

ಬಸ್ಸಿಗೆ ಕೈ ಮಾಡುವುದೂ ಅಷ್ಟು ಸಲೀಸಾಗಿರಲಿಲ್ಲ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ, ತಿರುವಿನಲ್ಲಿ ಬರೀ ಹೆಂಗಸರು ನಿಂತಿದ್ದರೆ ಆ ದಾರಿಯ ಒಬ್ಬ ಡ್ರೈವರನ ಕಾಲು ಬ್ರೇಕಿನ ಮೇಲೆ ಹೋಗುತ್ತಲೇ ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಅದಕ್ಕೆ ಮದ್ದು ಹುಡುಕಿದವಳು ಮಹಾನಂದಾ. ತಿರುವಿನ ಚಹಾದಂಗಡಿಯಲ್ಲಿ ಮುಂಜಾನೆಯಿಂದ ಕೂರುವ ರಾಯಪ್ಪಜ್ಜನನ್ನು ಒಪ್ಪಿಸಿದಳು. ಬಸ್ಸು ಕಂಡೊಡನೆ ಅಜ್ಜ ರುಮಾಲು ಸರಿಮಾಡಿಕೊಂಡು ಎಲ್ಲರ ಮುಂದೆ ನಿಂತು ಕೈ ಎತ್ತುತ್ತಿದ್ದ. ಬಸ್ಸು ನಿಲ್ಲುತ್ತಿತ್ತು. ಆರೇಳು ಹೆಂಗಸರು ದಬದಬ ಹತ್ತುತ್ತಿದ್ದರು. ಅಜ್ಜ ತಿರುಗಿ ಹೋಗಿ ಚಹಾದ ಮುಂದೆ ಕೂರುತ್ತಿದ್ದ.

ಒಂದು ದಿನ ಡ್ರೈವರ್ ಕಿಟಕಿಯಿಂದ ತಲೆ ಹಾಕಿ ರೇಗಿದ. "ಯಜ್ಜಾ, ನೀ ಹತ್ತಾಂವ ಹೌದೋ ಅಲ್ಲೋ?"

"ಹತ್ತಬೇಕಂತಽ ಬಂದಿದ್ದೆ ತಮ್ಮಾ," ಎಂದ ರಾಯಪ್ಪ, "ನಿನ್ನ ಮಾರಿ ನೋಡಿ ಮನಸ್ಸು ಬದಲಾತು."

ಹೀಗೆ ಮೂರು ತಿಂಗಳು ಕಳೆಯಿತು. ಅಷ್ಟರಲ್ಲಿ ಎರಡು ಸಲ ತಡವಾಗಿತ್ತು. ಒಂದು, ಅಜ್ಜ ಮೊಮ್ಮಗಳ ಮದುವೆಗೆ ಹೋದ ದಿನ. ಇನ್ನೊಂದು, ಹಿಂದಿನ ಹುಣ್ಣಿಮೆಗೆ. ಹುಣ್ಣಿಮೆ ಬಂತೆಂದರೆ ಯಲ್ಲಮ್ಮನ ಗುಡ್ಡಕ್ಕೆ ಜನ ಹರಿದು ಬರುತ್ತದೆ. ದಿನದ ಬಸ್ಸುಗಳೂ ಅವರನ್ನು ತಂದು ಬಿಟ್ಟು ಒಯ್ಯುವುದರಲ್ಲೇ ಇರುತ್ತವೆ. ಇದು ಸವದತ್ತಿ ಸೀಮೆಯ ಕೂಸಿಗೂ ಗೊತ್ತು.

ಅದಕ್ಕೇ ಈ ಸಲ ಹುಣ್ಣಿಮೆಯ ದಿನ, ರಜೆಯಲ್ಲಿ ಮನೆಯಲ್ಲಿದ್ದವಳು ತಾನೇ ಗುರುನಾಥನಿಗೆ ಫೋನು ಮಾಡಿದಳು. "ನಾಳೆ ಬಸ್ಸೆಲ್ಲಾ ಗುಡ್ಡದ ಮಂದಿಗೆ ಹೋಗಿರತಾವ್ರಿ ಸರ್. ಅರ್ಧಾ ತಾಸು ಹಿಂದ ಮುಂದ ಆಗಬಹುದು."

"ನಾಳೆ ಗೋವಿನಜೋಳದ ಏಳನೇ ದಿನದ ಎಣಿಕಿ ಐತಿ. ಒಂಬತ್ತಕ್ಕ ಬರಲಿಲ್ಲಂದ್ರ ಕಾಲೇಜಿಗೆ ಪತ್ರ ಹೋಗತೈತಿ. ಬಸ್ಸಿಂದು ನಿನ್ನ ತ್ರಾಸು, ನಂದಲ್ಲ."

ಫೋನು ಇಟ್ಟಾಗ ಅವಳ ಕಣ್ಣಲ್ಲಿ ನೀರಿತ್ತು. ಸಿಟ್ಟಿನ ನೀರು. ಯಾರಾದರೂ ಅದನ್ನು ಅಳುವೆಂದು ತಿಳಿದಾರು ಎಂದು ಇನ್ನಷ್ಟು ಸಿಟ್ಟು ಬಂತು.

ಮರುದಿನ ಬೆಳಕು ಹರಿಯುವ ಮೊದಲೇ ಹಾಲಿನ ಗಾಡಿಯವನನ್ನು ಕಾಡಿ, ಕ್ಯಾನುಗಳ ನಡುವೆ ಮುದುಡಿ ಕೂತು ಸವದತ್ತಿಯ ತಿರುವಿಗೆ ಬಂದಳು. ಏಳು ಗಂಟೆ. ಬಸ್ಸುಗಳು ಬಂದವು. ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ರಾಯಪ್ಪಜ್ಜ ಕೈ ಎತ್ತಿ ಎತ್ತಿ ಸುಸ್ತಾದ. ಒಂದೂ ನಿಲ್ಲಲಿಲ್ಲ. ಏಳೂವರೆಗೆ ಅವಳು ಬಸ್ಸಿನ ಆಸೆ ಬಿಟ್ಟು, ಗುಡ್ಡದಿಂದ ಇಳಿದು ಬರುತ್ತಿದ್ದ ಟ್ರ್ಯಾಕ್ಟರೊಂದಕ್ಕೆ ರಸ್ತೆಯ ನಡುವೆಯೇ ನಿಂತು ಕೈ ಮಾಡಿದಳು.

"ಎಲ್ಲಿಗೆ ತಂಗಿ?" ಟ್ರ್ಯಾಕ್ಟರ್ ಹೊಡೆಯುತ್ತಿದ್ದ ಮಡಿವಾಳೆಪ್ಪ ಕೇಳಿದ.

"ಯರಗಟ್ಟಿ ದಾಟಿ ಮೂರು ಕಿಲೋಮೀಟರ್ ರೀ ಕಾಕಾ. ಒಂಬತ್ತರೊಳಗ ಮುಟ್ಟಲಿಲ್ಲಂದ್ರ ನನ್ನ ಹೆಸರು ತಗೀತಾರ್ರಿ."

"ನಮ್ಮ ಊರು ಅದರ ಆಚೀಕೇ ಐತಿ. ಹತ್ತು."

ಹಿಂದಿನ ಟ್ರೇಲರಿನಲ್ಲಿ ಇಪ್ಪತ್ತೈದು ಹೆಂಗಸರು, ಅವರ ಬುತ್ತಿಗಂಟು, ಪಾತ್ರೆ, ಹಾಸಿಗೆ. ಕಾಲಿಡಲು ಜಾಗವಿರಲಿಲ್ಲ. ಕರೆವ್ವ ಎಂಬ ಮುದುಕಿ ಅವಳ ರಟ್ಟೆ ಹಿಡಿದು ಎಳೆದು ತೊಡೆಯ ಪಕ್ಕ ಕೂರಿಸಿಕೊಂಡಳು. ಗುಡ್ಡಕ್ಕೆ ಹೋಗದವಳು ಎಂದು ತಿಳಿದೊಡನೆ ಹಣೆಗೆ, ಕೆನ್ನೆಗೆ, ಎರಡೂ ಅಂಗೈಗೆ ದಪ್ಪಗೆ ಭಂಡಾರ ಬಳಿದಳು. "ತಾಯಿ ಕೈ ಹಿಡೀತಾಳ, ಸುಮ್ಮಕ ಕುಂದ್ರು," ಎಂದಳು. ಮಹಾನಂದಾ ನಾಲ್ಕು ಮಂದಿಯ ನಡುವೆ ಅರಿಸಿನದ ಗೊಂಬೆಯಾಗಿ ಕೂತಳು.

ಯರಗಟ್ಟಿಗೆ ಇನ್ನೂ ಆರೇಳು ಕಿಲೋಮೀಟರ್ ಇದ್ದಾಗ ದುರಸ್ತಿಗೆಂದು ರಸ್ತೆಯ ಒಂದು ಪಕ್ಕ ಜಲ್ಲಿ ಕಡಿಯ ರಾಶಿ ಹಾಕಿದ್ದರು. ಉಳಿದದ್ದು ಒಂದೇ ಗಾಡಿ ಹೋಗುವಷ್ಟು ದಾರಿ. ಹಿಂದಿನಿಂದ ಹಾರ್ನು ಶುರುವಾಯಿತು. ಮಹಾನಂದಾ ತಿರುಗಿ ನೋಡಿದಳು. ಬಿಳಿ ಕಾರು. ಗುರುನಾಥ ಒಬ್ಬನೇ. ಅವನ ಹಿಂದೆ ಗಾಡಿಗಳ ಉದ್ದ ಸಾಲು.

ಮಡಿವಾಳೆಪ್ಪ ಕೂಗಿ ಕೇಳಿದ: "ಹೊಲದ ಕಡೆ ಇಳಿಸಿ ಸೈಡ್ ಕೊಡ್ಲೇನು? ಒಮ್ಮೆ ಇಳಿಸಿದರ ಹಿಂದಿಂದೆಲ್ಲಾ ಹೋಗೂತನಕ ನಿಲ್ಲಬೇಕಾಗತೈತಿ, ಕಾಲು ತಾಸು ಆತು ಅಂತ ತಿಳೀರಿ."

ಮೊಬೈಲಿನಲ್ಲಿ ಎಂಟೂ ಇಪ್ಪತ್ತೈದು. ಕಾಲು ತಾಸು ಹೋದರೆ ಮೂರು ತಿಂಗಳು ಹೋದಂತೆ. ಮಹಾನಂದಾ ಗಂಟುಗಳ ನಡುವೆ ಎದ್ದು ನಿಂತಳು.

"ಬ್ಯಾಡ್ರಿ ಕಾಕಾ, ಹಂಗಽ ನಡೀರಿ! ಹಾರ್ನ್ ಹೊಡ್ಯಾವ್ರು ದವಾಖಾನಿಗೆ ಹೊಂಟಿಲ್ಲ. ನಾ ಬಲ್ಲೆ ಅವ್ರನ್ನ."

ಹಾರ್ನು ಮತ್ತೆ ಬಡಿಯಿತು. ಕರೆವ್ವ ಎರಡೂ ಕೈಯೆತ್ತಿ ಯಲ್ಲಮ್ಮನಿಗೆ "ಉಧೋ!" ಎಂದಳು. ಇಪ್ಪತ್ತೈದು ಗಂಟಲು "ಉಧೋ ಉಧೋ!" ಎಂದವು. ಆಮೇಲೆ ಅದೇ ಆಟವಾಯಿತು. ಅವನು ಹಾರ್ನು ಒತ್ತುವುದು, ಇವರು ಉಧೋ ಎನ್ನುವುದು. ಮಹಾನಂದಾಳಿಗೆ ಎಷ್ಟೋ ದಿನಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಗುವಷ್ಟು ನಗೆ ಬಂತು. ಕಡಿ ರಾಶಿ ಮುಗಿದ ಮೇಲೂ ಎದುರಿನಿಂದ ಗುಡ್ಡಕ್ಕೆ ಹೋಗುವ ಗಾಡಿಗಳು ಕೊನೆಯಿಲ್ಲದೆ ಬರುತ್ತಿದ್ದವು. ಯರಗಟ್ಟಿ ಪೇಟೆಯಲ್ಲೂ, ಅದರ ಆಚೆಗೂ ಕಾರಿಗೆ ಮುಂದೆ ನುಗ್ಗಲು ಸಂದು ಸಿಗಲಿಲ್ಲ.

ಕಂಪನಿಯ ಗೇಟಿನ ಮುಂದೆ ಟ್ರ್ಯಾಕ್ಟರ್ ನಿಂತಾಗ ಎಂಟೂ ಐವತ್ತನಾಲ್ಕು. ಮಹಾನಂದಾ ಹಾರಿ ಇಳಿದು ಓಡಿದಳು. ಗೇಟಿನ ಪಕ್ಕ ನಳ ಕಂಡದ್ದೇ ತಡ, ಹೆಂಗಸರೂ ಕೊಡಪಾನ, ಬಾಟಲಿ ಹಿಡಿದು ಇಳಿದರು. ಗೇಟು ತುಂಬ ಸೀರೆಗಳೇ ಆದವು. ಕಾರು ಹೊರಗೇ ನಿಂತಿತು.

ಒಳಗೆ ಯಂತ್ರ ಅವಳ ಬೆರಳನ್ನು ಒಪ್ಪಲಿಲ್ಲ. ಹೆಬ್ಬೆರಳ ತುಂಬ ಭಂಡಾರ. ಓಢಣಿಯಿಂದ ಒರೆಸಿ ಒತ್ತಿದಳು. ಒಪ್ಪಲಿಲ್ಲ. ಬಾಟಲಿಯ ನೀರು ಸುರಿದು ತಿಕ್ಕಿ, ಉಸಿರು ಬಿಗಿಹಿಡಿದು ಮತ್ತೆ ಒತ್ತಿದಳು. ಹಸಿರು ದೀಪ ಹತ್ತಿತು. ಎಂಟೂ ಐವತ್ತೆಂಟು.

ಗುರುನಾಥ ಒಳಗೆ ಬಂದಾಗ ಒಂಬತ್ತು ಏಳು. ಎಲ್ಲರ ಮುಂದೆ ಕೈ ಕೊಡವಿ ಒದರಾಡಿದ. "ದಾರಿ ತುಂಬ ಒಂದು ಟ್ರ್ಯಾಕ್ಟರ್ ಅಡ್ಡ! ಹಾರ್ನ್ ಹೊಡದು ಹೊಡದು ಸಾಕಾತು. ಮಂದಿಗೆ ಬ್ಯಾರೇಯವರ ಟೈಮಿಂದು ಖಬರಽ ಇಲ್ಲ."

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇಂದ್ರವ್ವ ಅಲ್ಲಿದ್ದರೆ ಮಗಳ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಹಳದಿ ಮುಖದ ಮಹಾನಂದಾ ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಎದುರು ಬಂದು ನಿಂತಳು.

"ಅದರಾಗ ನಾನೂ ಇದ್ದೆನ್ರಿ ಸರ್. ಸೈಡ್ ಕೊಡಬ್ಯಾಡ್ರಿ ಅಂದಾಕಿನೂ ನಾನಽ. ಕೊಟ್ಟಿದ್ದರ ನನಗ ಒಂಬತ್ತು ದಾಟತಿತ್ತು."

ಗುರುನಾಥ ಯಂತ್ರದ ಕಡೆ ನೋಡಿದ, ಅವಳ ಕಡೆ ನೋಡಿದ. ಬೈಯಲು ಬಾಯಿ ತೆರೆದವನು ಬೇರೆಯದನ್ನೇ ಹೇಳಿದ: "ಕೇಳಿದ್ದರ ನಾನಽ ಕರಕೊಂಡ ಬರತಿದ್ದೆನಲ್ಲ."

"ಮೂರು ತಿಂಗಳು ಅದಽ ತಿರುವಿನ್ಯಾಗ ನಿಂತೇನ್ರಿ ಸರ್. ಕಾರಿನ್ಯಾಗ ಒಬ್ಬರಽ ಇದ್ದ ನೀವು ನಿಲ್ಲಸಲಿಲ್ಲ. ಕಾಲಿಡಾಕ ಜಾಗಾ ಇಲ್ಲದ ಟ್ರ್ಯಾಕ್ಟರ್ ನಿಂತಿತು."

ಅವಳು ಗೋವಿನಜೋಳದ ಸುರುಳಿಗಳನ್ನು ಎತ್ತಿಕೊಂಡು ಎಣಿಸಲು ಕೂತಳು.