ಮೊಮ್ಮಗಳಿಗೆ ನೀರೆರೆಯುವುದು

ಕಣಕಟ್ಟೆಯ ನಮ್ಮ ಬೀದಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ನೀರೆರೆಯುತ್ತಿದ್ದವಳು ನಾನು. ನೆಲದ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿ ಎಣ್ಣೆ ತಿಕ್ಕಿದರೆ ಎಂಥ ರಚ್ಚೆಯ ಮಗುವೂ ಸುಮ್ಮನಾಗುತ್ತಿತ್ತು. ಮಗಳ ಚೊಚ್ಚಲ ಬಾಣಂತನ ನಮ್ಮ ಮನೆಯಲ್ಲೇ ಆಗಬೇಕು, ಮೊಮ್ಮಗುವಿಗೆ ನಾನೇ ಎರೆಯಬೇಕು. ಎದೆಯ ಕ್ಯಾನ್ಸರಿಗೆ ಕೀಮೋ ಹಾಕಿಸಿಕೊಂಡು ವಾಂತಿ ಮಾಡುತ್ತಿದ್ದಾಗ ಇದೊಂದೇ ಆಸೆ ನನ್ನನ್ನು ಹಿಡಿದಿಟ್ಟಿತ್ತು.

ಆಸ್ಪತ್ರೆಯಲ್ಲಿ ಸಂಶೋಧನೆ ಮಾಡುವ ಹುಡುಗಿಯೊಬ್ಬಳಿದ್ದಳು. ಚಿಕಿತ್ಸೆಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ನನ್ನ ರಕ್ತ ತೆಗೆದುಕೊಂಡಳು. ಕಂಪ್ಯೂಟರಿನಲ್ಲಿ ರಕ್ತದ ಕಣಗಳನ್ನೂ ತೋರಿಸಿದಳು. ದೊಡ್ಡ ಚುಕ್ಕೆಯ ಪಕ್ಕದಲ್ಲಿ ನುಚ್ಚಿನಷ್ಟು ಪುಟ್ಟ ಚುಕ್ಕೆ. "ಔಷಧಿ ಏಟಿಗೆ ಒಳಗಿನ ಡಿಎನ್‌ಎ ಮುರಿದು ಹೀಗಾಗಿದೆ ಆಂಟಿ" ಎಂದಳು. ಅಯ್ಯೋ ಶಿವನೇ, ಬದುಕಿಸಲು ಕೊಟ್ಟ ಮದ್ದೇ ಹೀಗಾ ಎಂದು ಸಿಟ್ಟು ಬಂತು. ಮನೆಗೆ ಬಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ.

ಮಗಳಿಗೆ ಹೆಣ್ಣುಮಗುವಾಯಿತು. ಮನೆಗೆ ಬಂದ ಮಾರನೇ ದಿನ ಹಂಡೆಯಲ್ಲಿ ನೀರು ಕಾಯಿಸಿ, ಬಚ್ಚಲಲ್ಲಿ ಕಾಲು ಚಾಚಿ ಕೂತೆ. ಬೇಲೂರಿನಿಂದ ಬಂದಿದ್ದ ಬೀಗಿತ್ತಿ ಬಾಗಿಲಿಗೆ ಅಡ್ಡ ನಿಂತರು.

"ಬ್ಯಾಡ ಕಣ್ರೀ. ನಿಮ್ ರಕ್ತ ಕೆಟ್ಟೈತಂತೆ. ಎಳೇ ಕೂಸು."

"ಕೆಟ್ಟಿದ್ರೆ ನನ್ ಮೈಯೊಳ್ಗೈತೆ. ಕೈಯಿಂದ ಸೋರ್ತಾ ಐತಾ?"

ಆ ಹುಡುಗಿಗೇ ಫೋನ್ ಮಾಡಿ, ಸ್ಪೀಕರ್ ಹಾಕಿ ಬೀಗಿತ್ತಿಯ ಮುಂದೆ ಹಿಡಿದೆ. ಅವಳೋ ಸತ್ಯವಂತೆ. "ಹೌದು, ಇವರ ರಕ್ತದ ಕಣಗಳಿಗೆ ಹಾನಿಯಾಗಿದೆ. ಆದ್ರೆ ಅದು ಮುಟ್ಟಿದ್ರೆ ಅಂಟಲ್ಲ, ಮಗುವಿಗೆ ಏನೂ ಆಗಲ್ಲ" ಎಂದಳು. "ಹಾನಿ" ಎಂಬಲ್ಲಿಗೇ ಬೀಗಿತ್ತಿ ಕೂಸನ್ನು ಎತ್ತಿಕೊಂಡು ನಡುಮನೆ ಸೇರಿಯಾಗಿತ್ತು.

ಪೂರ್ತಿ ಕೇಳಿಸಿಕೊಂಡವಳು ನನ್ನ ಮಗಳು. ಡಿಗ್ರಿ ಓದಿದವಳು. "ಯಾಕಮ್ಮಾ ಸುಮ್ನೆ ರಿಸ್ಕು?" ಎಂದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಹೆಗ್ಗಣಕ್ಕೆ ಹೆತ್ತವಳು ಬೇಡವಾದರೆ ಅದಕ್ಕೊಂದು ಗಾದೆ ಇಲ್ಲ. ಆ ವಾರವೇ ಬಾಣಂತಿಯನ್ನೂ ಮಗುವನ್ನೂ ಬೇಲೂರಿಗೆ ಕರೆದುಕೊಂಡು ಹೋದರು.

ಅಲ್ಲಿ ಯಾರು ಎರೆದರೂ ಮಗು ಕಿಟಾರನೆ ಕಿರುಚುತ್ತಿತ್ತಂತೆ. ಒಂದು ಬೆಳಿಗ್ಗೆ ಮಗಳು ವಿಡಿಯೋ ಕಾಲ್ ಮಾಡಿದಳು. "ಅಮ್ಮಾ, ನೀನು ಹೆಂಗೆ ಎರೀತಿದ್ದೆ, ಸ್ವಲ್ಪ ಅತ್ತೆಗೆ ತೋರ್ಸು."

ಬೈದು ಫೋನ್ ಇಡಬೇಕೆನಿಸಿತು. ಅಷ್ಟರಲ್ಲಿ ಕೂಸಿನ ಮುಖ ಕಾಣಿಸಿತು. ಫೋನನ್ನು ಗೋಡೆಗೆ ಒರಗಿಸಿ, ನೆಲದ ಮೇಲೆ ಕೂತು ಕೂಸಿಲ್ಲದ ಬರೀ ಕಾಲ ಮೇಲೆ ಕೈಯಾಡಿಸುತ್ತಾ ತೋರಿಸಿದೆ. ಕುತ್ತಿಗೆಗೆ ಹೀಗೆ ಆಸರೆ ಕೊಡಿ, ಬೆನ್ನಿಗೆ ನೀರು ಹೀಗೆ ಬೀಳಲಿ, ನಡುನಡುವೆ ಮಾತಾಡಿಸುತ್ತಿರಿ. ನನ್ನ ದನಿಗೋ ಏನೋ, ಅಳು ನಿಂತಿತು.

"ಬಂತು ಬಿಡ್ರೀ, ನಾಳೆಯಿಂದ ನಾವೇ ಮಾಡ್ಕೋತೀವಿ" ಎಂದು ಬೀಗಿತ್ತಿ ಫೋನ್ ಇಟ್ಟರು.