ಅಮ್ಮ ಮುಟ್ಟದ ಕಂಬ

ನನಗೆ ಸುಮ್ಮನೆ ಕೂರುವ ಜಾಯಮಾನವೇ ಇಲ್ಲ. ಪಿಲ್ಲಗುಂಪೆಯ ನಮ್ಮ ಫ್ಯಾಕ್ಟರಿಯಲ್ಲಿ ಹೊಸ ಮಷೀನು ಕೂರಿಸುತ್ತೇವೆಂದು ನಮ್ಮ ಲೈನಿನವರಿಗೆಲ್ಲ ಹದಿನೈದು ದಿನ ರಜೆ ಕೊಟ್ಟರು. ಮಿಕ್ಕವರು ತಿರುಪತಿಗೆ ಹೋದರು, ನೆಂಟರ ಮನೆಗೆ ಹೋದರು. ನಾನು ಮೂರನೇ ದಿನಕ್ಕೇ ಅಡುಗೆಮನೆಯ ಡಬ್ಬಗಳನ್ನೆಲ್ಲ ಎರಡೆರಡು ಸಲ ತೊಳೆದು, ಅಮ್ಮನ ಕೈಲಿ ಬೈಸಿಕೊಂಡು, ಅಂಗಳದಲ್ಲಿ ಶತಪಥ ಹಾಕುತ್ತಿದ್ದೆ.

ಆ ಅಂಗಳವಾದರೂ ಎಂಥದ್ದು! ಮಧ್ಯಾಹ್ನ ಮೂರರ ಬಿಸಿಲು ನೇರ ಬಾಗಿಲಿಗೇ ಹೊಡೆಯುತ್ತದೆ. ಮೊದಲು ಅಲ್ಲೊಂದು ಹೊಂಗೆ ಮರ ಇತ್ತು. ಅಮ್ಮ ಅದರ ಕೆಳಗೆ ಕೂತು ಸೊಪ್ಪು ಬಿಡಿಸುತ್ತಾ, ಡೇರಿಗೆ ಹಾಲು ಹಾಕಿ ಬರುವವರನ್ನೆಲ್ಲ ಮಾತಾಡಿಸುತ್ತಿದ್ದಳು. ರಸ್ತೆ ಅಗಲ ಮಾಡುವಾಗ ಮರ ಹೋಯಿತು. ಅಲ್ಲಿಂದ ಅಮ್ಮ ಒಳಗೆ, ಟೀವಿ ಮುಂದೆ. ಯಾವ ಸೀರಿಯಲ್ಲಮ್ಮ ಅಂದರೆ ಗೊತ್ತಿಲ್ಲ ಅನ್ನುತ್ತಾಳೆ.

ಫೋನಿನಲ್ಲಿ ಯಾರೋ ತೋಟದಲ್ಲಿ ಮರದ ಚಪ್ಪರ ಕಟ್ಟುವುದನ್ನು ನೋಡಿದೆ. ಪರ್ಗೋಲಾ ಅಂತೆ. ನಾಲ್ಕು ಕಂಬ, ಮೇಲೆ ಎರಡು ತೊಲೆ, ಅದರ ಮೇಲೆ ಅಡ್ಡಡ್ಡ ಪಟ್ಟಿ, ಹಬ್ಬೋಕೊಂದು ಬಳ್ಳಿ. ಇಷ್ಟೇ ತಾನೆ, ನನ್ನ ಕೈಲಾಗಲ್ವಾ ಅಂದುಕೊಂಡು ಅವತ್ತೇ ಹೊಸಕೋಟೆಗೆ ಹೋಗಿ ಸಿಲ್ವರ್ ಮರ ಕೊಯ್ಸಿಕೊಂಡು ಬಂದೆ. ಸಾಮಿಲ್ಲಿನವನು, "ಮೇಸ್ತ್ರಿ ಯಾರಮ್ಮಾ?" ಅಂದ. "ನಾನೇ" ಅಂದೆ. ಅವನು ನಕ್ಕ. ನಾನು ನಗಲಿಲ್ಲ.

ಎರಡು ದಿನ ಗರಗಸ, ಉಳಿ, ಸುತ್ತಿಗೆ. ಅಂಗೈ ತುಂಬ ಬೊಬ್ಬೆ. ಗೆದ್ದಲು ಹಿಡಿಯದಿರಲೆಂದು ಕಂಬದ ಬುಡಕ್ಕೆ ಡಾಂಬರು ಬಳಿದೆ. ಗುಂಡಿ ತೋಡುವಾಗ ಅಮ್ಮ ಬಾಗಿಲಿಗೆ ಬಂದು, "ಇವತ್ತು ಮಂಗಳವಾರ ಕಣೆ, ಕಂಬ ನೆಡಬೇಡ" ಅಂದಳು. ಸರಿ, ಒಂದು ದಿನ ತಾನೆ ಅಂತ ಹಲ್ಲು ಕಚ್ಚಿಕೊಂಡು ತಡೆದೆ.

ಬುಧವಾರ ಬೆಳಗ್ಗೆ ಕಾಫಿಗೂ ಮೊದಲೇ ಶುರು ಹಚ್ಚಿದೆ. ಕಂಬ ನೆಡೋದು ಒಬ್ಬರ ಕೆಲಸ ಅಲ್ಲ. ಒಬ್ಬರು ಹಿಡಿದು ನಿಲ್ಲಬೇಕು, ಇನ್ನೊಬ್ಬರು ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು ನೆಟ್ಟಗಿದೆಯಾ ನೋಡಿ ಕಲ್ಲುಮಣ್ಣು ತುಂಬಬೇಕು.

"ಅಮ್ಮಾ, ಬಾ ಇಲ್ಲಿ, ಇದನ್ನ ಸ್ವಲ್ಪ ಹಿಡ್ಕೊ."

ಅಮ್ಮ ಹೊಸ್ತಿಲು ದಾಟಲಿಲ್ಲ. "ನಾನು ಹಿಡೀಬಾರದು."

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ನಮ್ಮ ಕಡೆ ಮದುವೆಗೆ ಚಪ್ಪರ ಹಾಕುವಾಗ ಮೊದಲು ಹಾಲುಗಂಬ ನೆಡುತ್ತಾರೆ. ಮುತ್ತೈದೆಯರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹಾಲೆರೆದು ಪೂಜೆ ಮಾಡುತ್ತಾರೆ. ಗಂಡ ಸತ್ತವಳು ಆ ಕಂಬ ಮುಟ್ಟುವುದಿಲ್ಲ. ಅಪ್ಪ ಹೋಗಿ ಹದಿನಾರು ವರ್ಷ. ಅವತ್ತಿಂದ ಅಮ್ಮ ಯಾರ ಮನೆ ಚಪ್ಪರದ ದಿನವೂ ಹಿತ್ತಲಲ್ಲಿ ಈರುಳ್ಳಿ ಹೆಚ್ಚುತ್ತಾ ಕೂತಿರುತ್ತಾಳೆ.

"ಇದು ಮದ್ವೆ ಚಪ್ಪರ ಅಲ್ಲಮ್ಮ. ಬಳ್ಳಿ ಹಬ್ಬಿಸೋಕೆ, ನೀನು ನೆರಳಲ್ಲಿ ಕೂತ್ಕೊಳ್ಳೋಕೆ."

"ಚಪ್ಪರ ಅಂದ್ಮೇಲೆ ಚಪ್ಪರಾನೇ. ನಾಳೆ ಇದರ ಕೆಳಗೇ ನಿನ್ನ ಧಾರೆ ಆದ್ರೆ? ನಾನು ಮುಟ್ಟಿದ ಕಂಬ ಅಂತ ಆಗಬಾರದು."

ನನಗೆ ನಲವತ್ತೆರಡು. ಬಂದ ಸಂಬಂಧಗಳು ಒಂದೊಂದೂ ಒಂದೊಂದು ನೆವಕ್ಕೆ ತಪ್ಪಿದವು, ಆಮೇಲೆ ನಾನೇ ಸಾಕು ಅಂದೆ, ಏಳು ವರ್ಷವಾಯಿತು ಹಾಗಂದು. ಅಮ್ಮ ಮಾತ್ರ ಇವತ್ತಿಗೂ ಮದುವೆಮನೆಗೆ ಹೊರಟರೆ ಬ್ಯಾಗಿನಲ್ಲಿ ನನ್ನ ಜಾತಕದ ಜೆರಾಕ್ಸು ಇಟ್ಟುಕೊಂಡೇ ಹೊರಡುವುದು.

ಹಟಕ್ಕೆ ಬಿದ್ದೆ. ಹಗ್ಗ ಕಟ್ಟಿ, ಊರುಗೋಲು ಕೊಟ್ಟು, ನಾನೊಬ್ಬಳೇ ನಿಲ್ಲಿಸಿದೆ. ಎರಡು ಬೆರಳು ವಾಲಿತು. ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೆ ಫ್ಯಾಕ್ಟರಿಯಲ್ಲಿ ಮಾಲು ವಾಪಸ್ ಕಳಿಸುವವಳು ನಾನು, ಇದನ್ನು ಹೇಗೆ ಸಹಿಸಲಿ? ಬಿಚ್ಚಿದೆ, ಮತ್ತೆ ನೆಟ್ಟೆ, ಅದು ದಬಕ್ಕನೆ ಬಿದ್ದು ಕನಕಾಂಬರದ ಕುಂಡ ಒಡೆಯಿತು. ದಾರಿಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದವನೊಬ್ಬ ನಿಲ್ಲಿಸಿ, "ಚಪ್ಪರ ಎದ್ದಂಗಿದೆ, ಊಟ ಯಾವಾಗವ್ವಾ?" ಅಂದ.

"ನಿನ್ ತಿಥಿ ದಿನ ಅಣ್ಣಾ!"

ಅವನು ನಗುತ್ತಾ ಹೋದ. ಒಳಗಿಂದ ಅಮ್ಮ, "ಬಾಯಿಗೆ ಬಂದಿದ್ದೆಲ್ಲ ಆಡಬೇಡ" ಅಂದಳು.

ಮಾರನೇ ದಿನ ಎದ್ದು ಬಂದು ನೋಡುತ್ತೇನೆ, ಪಕ್ಕದ ಮನೆ ಅತ್ತೆ ಅಂಗಳದಲ್ಲಿ! ಸಂಬಂಧದಲ್ಲಿ ಅತ್ತೆಯಲ್ಲ, ಚಿಕ್ಕಂದಿನಿಂದ ಹಾಗೆ ಕರೆದು ಅಭ್ಯಾಸ. ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ, ಚೊಂಬಿನಲ್ಲಿ ಹಾಲು. ಮಲಗಿಸಿಟ್ಟ ಕಂಬಕ್ಕೆ ಆಗಲೇ ಅರಿಶಿನ ಬಳಿದಾಗಿತ್ತು. ಅಮ್ಮ ಬಾಗಿಲಲ್ಲಿ ನಿಂತು ಕೈಸನ್ನೆಯಲ್ಲೇ ಹೇಳಿಕೊಡುತ್ತಿದ್ದಳು.

"ಇದ್ಯಾವ ಕರ್ಮ ಅತ್ತೆ?"

"ಇರ್ಲಿ ಬಿಡೇ, ನಿಮ್ಮಮ್ಮನ ಆಸೆ. ನಾನು ಹಿಡ್ಕೊತೀನಿ, ನೀನು ಮಣ್ಣು ಹಾಕು."

ಆಕೆ ಅಂದದ್ದು ನ್ಯಾಯವೇ. ನನಗೆ ಬೇಕಾಗಿದ್ದುದು ಇನ್ನೊಂದು ಜೊತೆ ಕೈ, ಅದು ಎದುರಿಗೇ ಇತ್ತು. ಆದರೆ ನನ್ನ ಮೈಯೆಲ್ಲ ಉರಿದುಹೋಯಿತು. "ಬೇಡ, ಹೋಗಿ ಅತ್ತೆ" ಅಂದುಬಿಟ್ಟೆ. ಆಕೆ ತಟ್ಟೆ ಎತ್ತಿಕೊಂಡು ಗೊಣಗುತ್ತಾ ಹೋದರು. ನಾನು ಒದ್ದೆ ಬಟ್ಟೆಯಲ್ಲಿ ಅರಿಶಿನ ಉಜ್ಜಿ ತೆಗೆದೆ, ಆಮೇಲೆ ಅಮ್ಮನ ಕಡೆ ತಿರುಗಿದೆ.

"ನನಗೆ ಮದ್ವೆ ಇಲ್ಲಮ್ಮ. ಆಗಲ್ಲ, ಬೇಕಾಗೂ ಇಲ್ಲ. ಎಷ್ಟು ಸಲ ಹೇಳ್ಲಿ? ಬರದೇ ಇರೋ ಆ ದಿನಕ್ಕೋಸ್ಕರ ಕಣ್ಣೆದುರಿಗಿರೋ ಕಂಬ ಮುಟ್ಟಲ್ಲ ಅಂತೀಯ. ಆ ದಿನ ಹೆಚ್ಚಾ, ನಾನು ಹೆಚ್ಚಾ?"

ಅಮ್ಮ ಒಳಗೆ ಹೋದಳು. ಟೀವಿ ಹಾಕಿದ ಸದ್ದು ಕೇಳಲಿಲ್ಲ. ಎರಡು ದಿನ ಊಟಕ್ಕೆ ಬಾ ಅನ್ನುವುದು ಬಿಟ್ಟರೆ ಮಾತಿಲ್ಲ. ನಾನು ರೋಷದಲ್ಲೇ ಊರುಗೋಲಿಗೆ ಮೊಳೆ ಹೊಡೆದು, ಬಿದ್ದದ್ದನ್ನು ಎತ್ತಿ ನಿಲ್ಲಿಸಿ, ಮೂರು ಕಂಬ ನೆಟ್ಟಗೆ ಮಾಡಿದೆ. ರಾತ್ರಿ ಸೊಂಟ ಬಿದ್ದುಹೋಗುತ್ತಿತ್ತು, ನಿದ್ದೆ ಮಾತ್ರ ಬರುತ್ತಿರಲಿಲ್ಲ.

ನಾಲ್ಕನೆಯದು ಮಾತು ಕೇಳಲಿಲ್ಲ. ಅದರ ಗುಂಡಿ ಬಂದದ್ದು ಹಳೇ ಹೊಂಗೆಯ ಜಾಗದಲ್ಲಿ. ಒಳಗೆ ಬೇರು ಕೊಳೆತು ಮಣ್ಣೆಲ್ಲ ಪುಡಿಪುಡಿ, ಊರುಗೋಲು ನಿಲ್ಲಲೊಲ್ಲದು. ಮೂರು ಸಲ ಜಾರಿತು. ನಾಲ್ಕನೇ ಸಲ ಕಂಬವನ್ನು ತಬ್ಬಿಕೊಂಡೇ ನಿಂತುಬಿಟ್ಟೆ. ಬಿಟ್ಟರೆ ಬೀಳುತ್ತದೆ, ಬಿಡದಿದ್ದರೆ ಮಣ್ಣು ಹಾಕುವವರಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಗಿ ಅಳು ಬಂತು.

ಅಮ್ಮ ಬಂದದ್ದು ಗೊತ್ತಾಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

"ಎಲ್ಲಿ ಹಿಡ್ಕೋಬೇಕು ಹೇಳು."

ನಾನು ಅವಳ ಮುಖ ನೋಡಿದೆ. ಅಲ್ಲಿ ಸಿಟ್ಟೂ ಇರಲಿಲ್ಲ, ಮುನಿಸೂ ಇರಲಿಲ್ಲ. ಎರಡೂ ಕೈಯಲ್ಲಿ ಕಂಬವನ್ನು ಗಟ್ಟಿಯಾಗಿ ಹಿಡಿದು, "ಬರೀ ನೆರಳಿಗೆ ಹಾಕೋ ಚಪ್ಪರ ತಾನೆ, ನಾನು ಮುಟ್ಟಿದ್ರೇನು" ಅಂದಳು.

ಆ ಮಾತಿಗಾಗಿ ನಾನು ಏಳು ವರ್ಷದಿಂದ ಜಗಳ ಕಾದಿದ್ದೆ. ನನ್ನ ಮದುವೆಯ ಆಸೆ ಬಿಟ್ಟುಬಿಡು ಅಂತ ಬೇಡಿದ್ದೆ, ಕೂಗಾಡಿದ್ದೆ, ಊಟ ಬಿಟ್ಟಿದ್ದೆ. ಈಗ ಬಿಟ್ಟಳು. ಗೆದ್ದೆ ಅಂತ ನನಗೆ ಅನ್ನಿಸಲೇ ಇಲ್ಲ. ಗುಂಡು ಇಳಿಬಿಟ್ಟರೆ ದಾರ ಕಂಬಕ್ಕೆ ಸರಿಯಾಗಿ ಕೂತಿತ್ತು, ಕೂದಲೆಳೆ ವ್ಯತ್ಯಾಸವಿಲ್ಲ. ಗುದ್ದಲಿ ಎತ್ತಿದವಳು ಮತ್ತೆ ಕೆಳಗಿಟ್ಟೆ.

"ಅಮ್ಮಾ, ಬೇಡ, ನೀನು ಬಿಡು. ಅತ್ತೇನ ಕರೀತೀನಿ. ಅವರೇ ಹಿಡೀಲಿ."

ಅಮ್ಮ ಕೈ ತೆಗೆಯಲಿಲ್ಲ.

"ಹಿಡಿದಾಯ್ತಲ್ಲ," ಅಂದಳು. "ಮಣ್ಣು ಹಾಕು."