ನಫೀಸಕ್ಕನ ಮನೆಯ ಗಾಳಿ

ಯಾರ ಮನೆಯೊಳಗೆ ಕಾಲಿಟ್ಟರೂ ನಫೀಸಕ್ಕನ ಕಣ್ಣು ಮೊದಲು ಹೋಗುತ್ತಿದ್ದದ್ದು ಮೇಲಕ್ಕೆ, ಫ್ಯಾನಿನ ಕಡೆಗೆ. ಕೆಳಗೆ ಯಾರೂ ಇಲ್ಲದೆ ಅದು ತಿರುಗುತ್ತಿದ್ದರೆ ಮುಗಿಯಿತು. "ಇದು ಯಾರಿಗೆ ತಿರುಗುವುದು ಮಾರಾಯ್ತಿ? ಗೋಡೆಗೆ ಸೆಖೆ ಆಗ್ತದಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಸ್ವಿಚ್ಚು ಒತ್ತಿಬಿಡುತ್ತಿದ್ದರು. ಒಮ್ಮೆ ಮದುವೆ ಮನೆಯಲ್ಲೂ ಹಾಗೆ ಮಾಡಿ, ಮೂಲೆಯಲ್ಲಿ ಊಟಕ್ಕೆ ಕೂತಿದ್ದ ಹೆಂಗಸರಿಂದ ಚೆನ್ನಾಗಿ ಬೈಸಿಕೊಂಡಿದ್ದರು. ಆಮೇಲೆ ಅವರ ಪಕ್ಕದಲ್ಲೇ ಕೂತು ಉಂಡು ಬಂದರು.

ಬಂಟ್ವಾಳದಲ್ಲಿ ನಮ್ಮದು ಎದುರುಬದುರು ಮನೆ. ನಡುವೆ ಒಂದು ರಿಕ್ಷಾ ಹೋಗುವಷ್ಟು ಓಣಿ, ಅವರ ಹಿತ್ತಿಲಿನ ಆಚೆ ನೇತ್ರಾವತಿ. ಅವರ ಗಂಡ ತೀರಿಹೋಗಿದ್ದರು. ಮಗ ಸೌದಿಯ ದಮಾಮಿನಲ್ಲಿ, ಮಗಳನ್ನು ಕೊಟ್ಟದ್ದು ಮೂಡಬಿದ್ರೆ ಹತ್ತಿರದ ಪುತ್ತಿಗೆಗೆ. ಬಿಸಿಲು ಏರುವ ಮೊದಲೇ ಮೂಡು ಬದಿಯ ಕಿಟಕಿಗಳನ್ನು ಮುಚ್ಚಿ, ಸಂಜೆ ಎಲ್ಲವನ್ನೂ ತೆರೆಯುವುದು ಅವರ ಕ್ರಮ. ನಾನು ಕಿಟಕಿ ಮುಚ್ಚಲು ಮರೆತರೆ ಓಣಿಯಿಂದಲೇ ಕೂಗುತ್ತಿದ್ದರು: "ಬಿಸಿಲನ್ನು ಒಳಗೆ ಕರೆದು ಕೂರಿಸುವುದು, ಆಮೇಲೆ ಫ್ಯಾನ್ ಹಾಕಿ ಓಡಿಸುವುದು. ಒಳ್ಳೆ ಬುದ್ಧಿ ನಿಂದು!" ನನಗೆ ಸಿಟ್ಟು ಬರುತ್ತಿತ್ತು. ಬ್ಲೌಸ್ ಹೊಲಿಯುತ್ತ ಕೂತವಳಿಗೆ ಇವರದ್ದೊಂದು ಪಾಠ ಎಂದು ಗೊಣಗುತ್ತಲೇ ಎದ್ದು ಮುಚ್ಚುತ್ತಿದ್ದೆ.

ನನ್ನ ಅಮ್ಮ ಬಚ್ಚಲಲ್ಲಿ ಬಿದ್ದು, ಸೊಂಟ ಮುರಿದು, ಹಾಸಿಗೆ ಹಿಡಿದದ್ದು ಒಂದು ಏಪ್ರಿಲಿನಲ್ಲಿ. ನಮ್ಮ ಕಡೆಯ ಏಪ್ರಿಲ್ ಗೊತ್ತುಂಟಲ್ಲ, ಮಿಂದು ಮೈ ಒರೆಸುವಷ್ಟರಲ್ಲಿ ಪುನಃ ಬೆವರು. ಫ್ಯಾನ್ ಜೋರಾಗಿ ಹಾಕಿದರೆ ಅಮ್ಮನಿಗೆ ಸಂದು ಸಂದು ನೋವು. ಹಾಕದಿದ್ದರೆ ಬೆವರಿಗೆ ಬೆನ್ನೆಲ್ಲ ಹುಣ್ಣಾಗುವ ಹೆದರಿಕೆ. ಆಗಲೇ ಒಂದು ಕಡೆ ಚರ್ಮ ಕೆಂಪಾಗಿತ್ತು. ಎಸಿ ಹಾಕಿಸುತ್ತೇನೆಂದು ನಾನು ಹೊರಟೆ.

"ಆ ತಂಡಿ ನಿನ್ನ ಅಮ್ಮನಿಗೆ ತಡೀತದಾ? ನಾಳೆವರೆಗೆ ನಿಲ್ಲು" ಎಂದರು ನಫೀಸಕ್ಕ.

ಮರುದಿನ ಮಧ್ಯಾಹ್ನದ ನಮಾಜು ಮುಗಿಸಿದವರೇ ತಮ್ಮ ಮನೆಯ ಹಿಂಬಾಗಿಲು, ಮುಂಬಾಗಿಲು ಎರಡನ್ನೂ ಪೂರ್ತಿ ತೆರೆದರು. ಮುಂಬಾಗಿಲಿಗೆ ಸದಾ ಇಳಿಬಿಟ್ಟಿರುತ್ತಿದ್ದ ಪರದೆಯನ್ನು ಎತ್ತಿ ಗಂಟು ಹಾಕಿದರು. ಹೊಳೆಯ ಗಾಳಿ ಅವರ ಮನೆಯನ್ನು ಹಾದು, ಓಣಿ ದಾಟಿ, ನಮ್ಮ ಚಾವಡಿಯಲ್ಲಿದ್ದ ಅಮ್ಮನ ಮಂಚಕ್ಕೆ ಬಂತು. ಅಮ್ಮ ಕಣ್ಣು ಮುಚ್ಚಿ "ಹಾ" ಎಂದಳು. ಎಷ್ಟೋ ದಿನಗಳ ಮೇಲೆ ಅವಳಿಗೆ ನಿದ್ದೆ ಬಂತು.

ಅಂದಿನಿಂದ ಬೇಸಿಗೆ ಬೇಸಿಗೆಯೂ ಹಾಗೇ ನಡೆಯಿತು. ಪರದೆ ಎತ್ತಿದರೆ ಓಣಿಯಲ್ಲಿ ಹೋಗುವವರಿಗೆಲ್ಲ ಅವರ ಮನೆಯ ಒಳಗು ಕಾಣುತ್ತಿತ್ತು. ಅದಕ್ಕೆ ಅವರು ಗಾಳಿಯಾಡುವ ಆ ಜಾಗವನ್ನೇ ಬಿಟ್ಟು, ಅಡುಗೆಮನೆ ಪಕ್ಕದ ಕೋಣೆಯಲ್ಲಿ ಬೆವರುತ್ತ ಕೂರುತ್ತಿದ್ದರು. ಊರಿಗೆಲ್ಲ ತಂಪಿನ ಪಾಠ ಹೇಳುತ್ತಿದ್ದವರು! ಮಗಳು ಬಂದಾಗ ಇದೇ ಜಗಳ.

"ಉಮ್ಮಾ, ದಾರಿಯಲ್ಲಿ ಹೋಗುವವರೆಲ್ಲ ಇಣುಕಿ ನೋಡ್ತಾರೆ."

"ನೋಡ್ಲಿ. ಎರಡು ಕುರ್ಚಿ ಉಂಟು, ಒಂದು ಮೇಜು ಉಂಟು. ಅಲ್ಲಾಹು ಕೊಟ್ಟ ಗಾಳಿಗೆ ಬೀಗ ಹಾಕಿ ಇಡ್ಲಿಕ್ಕೆ ನಾನು ಯಾರು?"

ಅಮ್ಮನ ಮಂಚದಿಂದ ಎದುರು ಮನೆ ಕಾಣದು, ಕಿವಿಯೂ ಮಂದ. ಆದರೆ ಗಾಳಿ ಮೈಗೆ ತಾಗಿದ ಕೂಡಲೇ ಅವಳಿಗೆ ತಿಳಿಯುತ್ತಿತ್ತು. "ನಫೀಸ ಬಾಗಿಲು ತೆಗೆದ್ಲು. ಫ್ಯಾನ್ ಆಫ್ ಮಾಡು, ಇಲ್ಲದಿದ್ರೆ ಬಂದು ಬೈತಾಳೆ" ಎನ್ನುತ್ತಿದ್ದಳು.

ಕಳೆದ ಬೇಸಿಗೆಯಲ್ಲಿ ನಫೀಸಕ್ಕನಿಗೆ ಎದೆನೋವು ಬಂತು. ಮಂಗಳೂರಿನ ಆಸ್ಪತ್ರೆಗೆ ಹೊರಟವರು ಕಾರು ಹತ್ತುವ ಮೊದಲು ನನ್ನ ಕೈ ಹಿಡಿದರು. "ಬಾಗಿಲು ಹಾಕಿ ಹೋಗ್ಬೇಕಾಯ್ತಲ್ಲ ಮಗಳೇ. ಅಮ್ಮನನ್ನು ಮಗ್ಗುಲು ಹೊರಳಿಸ್ತಾ ಇರು. ನಾಲ್ಕು ದಿನ, ಬರ್ತೇನೆ." ತಮ್ಮ ಎದೆಯ ಬಗ್ಗೆ ಒಂದು ಮಾತೂ ಆಡಲಿಲ್ಲ.

ಅಮ್ಮ ಗಾಬರಿಯಾಗುವುದು ಬೇಡವೆಂದು, ಅವರು ಮಗಳ ಮನೆಗೆ ಹೋಗಿದ್ದಾರೆ ಎಂದಿದ್ದೆ. ಅಮ್ಮನಿಗೆ ಕೋಪ. "ಈ ಸೆಖೆಗೆ ಅವಳಿಗೆ ಪುತ್ತಿಗೆಯಲ್ಲಿ ಎಂತ ಅರ್ಜೆಂಟು?" ಎಂದು ದಿನವೂ ಕೇಳುವಳು. ತಲೆಯ ಮೇಲೆ ಫ್ಯಾನು ನಿಧಾನಕ್ಕೆ ತಿರುಗುತ್ತಿತ್ತು, ಅವಳು ನರಳುತ್ತಿದ್ದಳು.

ನಫೀಸಕ್ಕನನ್ನು ಮನೆಗೆ ತಂದದ್ದು ಒಂದು ಮಧ್ಯಾಹ್ನ. ಜನ ಬಂದು ಹೋಗಲೆಂದು ಎರಡೂ ಬಾಗಿಲು ತೆರೆದರು. ಅಡ್ಡ ಬರುತ್ತಿದ್ದ ಪರದೆಯನ್ನು ಮಗಳು ಅಳುತ್ತಲೇ ಎತ್ತಿ ಗಂಟು ಹಾಕಿದಳು. ಕೊನೆಯ ಸಲ ಮುಖ ನೋಡಿ ಬಂದ ನಾನು ನಮ್ಮ ಬಾಗಿಲ ದಾರಂದ ಹಿಡಿದು ನಿಂತಿದ್ದೆ. ಕಣ್ಣೀರು ನಿಲ್ಲುತ್ತಿರಲಿಲ್ಲ.

ಹೊಳೆಯ ಗಾಳಿ ಓಣಿ ದಾಟಿ ಒಳಗೆ ಬಂತು.

"ನಫೀಸ ಬಂದ್ಲಾ?" ಮಂಚದಿಂದ ಅಮ್ಮನ ಸ್ವರ.

"ಹೂಂ ಅಮ್ಮ. ಬಂದ್ರು."

"ಮತ್ತೆ ಎಂತ ನೋಡ್ತಾ ನಿಂತದ್ದು? ಫ್ಯಾನ್ ಆಫ್ ಮಾಡು. ಬೈತಾಳೆ."

ನಾನು ಹೋಗಿ ಫ್ಯಾನ್ ಆಫ್ ಮಾಡಿದೆ.